ಮಾತಾಡಿಸಿಕೊಂಡು ಬರುವುದು

(ಅರಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ಈ ದತ್ತಿ ಇಟ್ಟ ತಾಯಿ ಎರಡು ಷರತ್ತು ಹಾಕಿದ್ದಾರೆ. ತಮ್ಮ ಹೆಸರನ್ನು ವೇದಿಕೆಯಲ್ಲಿ ಹೇಳಕೂಡದು. ಉಪನ್ಯಾಸ ಮಾಡುವವರು ‘ಸಾವು ಸಹಜ, ಎಲ್ಲರೂ ಒಂದು ದಿನ ಹೋಗುವವರೇ’ ಎಂಬ ಮಾತನ್ನು ಆಡಕೂಡದು. ಎರಡನೆಯದನ್ನು ಕೇಳಿದಾಗ ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಕನ್ನಡ ಮೇಷ್ಟ್ರಾಗಿದ್ದ ಅಷ್ಟೂ ವರ್ಷ ಎಷ್ಟು ಸಾವಿನ ಮನೆಗಳ ಜಗಲಿ ಮೇಲೆ ಕೂತು ಆ ಮಾತನ್ನು ಆಡಿದ್ದೇನೋ! ಆಡಿ, ಕೊಟ್ಟ ಕಾಫಿ ಕುಡಿದು, ಬಸ್ಸು ಹಿಡಿದು ಮನೆಗೆ ಬಂದಿದ್ದೇನೆ.

ಅವರು ಕೊಟ್ಟ ವಿಷಯ, ನೋವಿನಲ್ಲಿರುವ ಗೆಳೆಯರನ್ನು ಸಂತೈಸುವ ಬಗೆ, ಕ್ರೈಸ್ತ ದೃಷ್ಟಿಯಲ್ಲಿ. ನಾನು ಕ್ರೈಸ್ತ. ಈ ಸಭೆಯಲ್ಲಿ ನನ್ನ ಮತದವರು ಒಂದು ಬೆಂಚು ತುಂಬುವಷ್ಟೂ ಇಲ್ಲ. ಆದ್ದರಿಂದ ಚರ್ಚಿನಲ್ಲಿ ಮಾಡುವ ಪ್ರಸಂಗವನ್ನು ಇಲ್ಲಿ ಮಾಡಲಾರೆ. ನಮ್ಮ ಪುಸ್ತಕದಲ್ಲಿ ಏನಿದೆ ಅಂತ ಹೇಳುತ್ತೇನೆ, ಅದನ್ನು ನಾವು ಎಷ್ಟು ಸಲ ಮರೆತಿದ್ದೇವೆ ಅಂತಲೂ ಹೇಳುತ್ತೇನೆ.

ನಮ್ಮ ಮಂಡ್ಯ ಜಿಲ್ಲೆಯಲ್ಲಿ ಸಾವಾದ ಮನೆಗೆ ಹೋಗುವುದಕ್ಕೆ ಒಂದು ಮಾತಿದೆ. ‘ಸಾಂತ್ವನ ಹೇಳುವುದು’ ಪತ್ರಿಕೆಯವರ ಮಾತು. ಶಾಸಕರು ಕಾರಿನಿಂದ ಇಳಿದಾಗ ಬಳಸುವುದು. ಮನೆಯ ಹೆಂಗಸು ಸೆರಗು ಸರಿಮಾಡಿಕೊಂಡು ಹೊರಡುವಾಗ ‘ಪಾಪ, ಮಾತಾಡ್ಸ್ಕೊಂಡ್ ಬತ್ತೀನಿ’ ಅನ್ನುತ್ತಾಳೆ. ಆಸ್ಪತ್ರೆಯಿಂದ ಬಂದವರನ್ನು ನೋಡಲು ಹೋಗುವಾಗಲೂ ಅದೇ ಮಾತು. ವ್ಯಾಕರಣ ಪಾಠ ಮಾಡಿದವನ ಚಾಳಿ, ಸ್ವಲ್ಪ ಸಹಿಸಿಕೊಳ್ಳಿ. ಮಾಡು, ಮಾಡಿಸು. ತಿನ್ನು, ತಿನ್ನಿಸು. ಮಾತಾಡು, ಮಾತಾಡಿಸು. ಇವಕ್ಕೆ ಪ್ರೇರಣಾರ್ಥಕ ರೂಪ ಅಂತ ಹೆಸರು. ಮಗುವಿಗೆ ಊಟ ಮಾಡಿಸುವ ತಾಯಿ ತಟ್ಟೆಯಲ್ಲಿದ್ದುದನ್ನೆಲ್ಲ ತಾನೇ ಉಂಡು ಎದ್ದರೆ ಏನನ್ನುತ್ತೀರಿ? ಮಾತಾಡಿಸಲು ಹೋದ ನಾವು ಬಹುಪಾಲು ಮಾಡಿ ಬರುವುದು ಅದನ್ನೇ. ದುಃಖ ಅವರದು, ಮಾತೆಲ್ಲ ನಮ್ಮದು.

ಬೈಬಲಿನಲ್ಲಿ ಯೋಬನ ಕಥೆ ಇದೆ. ಯೋಬನೆಂದರೆ ಹಳ್ಳಿಯ ಲೆಕ್ಕದಲ್ಲಿ ಭಾರೀ ಕುಳ. ಏಳು ಸಾವಿರ ಕುರಿ, ಮೂರು ಸಾವಿರ ಒಂಟೆ, ಐನೂರು ಜೊತೆ ಎತ್ತು. ಬನ್ನೂರು ಕುರಿ ಸಾಕುವವರು ಇಲ್ಲಿದ್ದೀರಿ, ಏಳು ಸಾವಿರವನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ಏಳು ಗಂಡು, ಮೂರು ಹೆಣ್ಣು ಮಕ್ಕಳು. ಒಂದೇ ದಿನ ದನಕರು ಕಳ್ಳರ ಪಾಲಾಗುತ್ತವೆ, ಕುರಿ ಸಿಡಿಲಿಗೆ ಹೋಗುತ್ತವೆ, ಗಾಳಿಗೆ ಮನೆ ಬಿದ್ದು ಹತ್ತೂ ಮಕ್ಕಳು ಸಾಯುತ್ತಾರೆ. ಆಮೇಲೆ ಮೈತುಂಬ ಹುಣ್ಣು. ಬೂದಿಗುಡ್ಡೆಯಲ್ಲಿ ಕೂತು ಮಡಕೆ ಚೂರಿನಿಂದ ಕೆರೆದುಕೊಳ್ಳುತ್ತಿರುತ್ತಾನೆ.

ಸುದ್ದಿ ತಿಳಿದು ಮೂವರು ಗೆಳೆಯರು ಬರುತ್ತಾರೆ, ಎಲೀಫಜ, ಬಿಲ್ದದ, ಚೋಫರ. ಬೇರೆ ಬೇರೆ ಊರಿನವರು, ಮೊದಲೇ ಮಾತಾಡಿಕೊಂಡು ಒಟ್ಟಿಗೆ ಬರುತ್ತಾರೆ. ದೂರದಿಂದ ನೋಡಿದಾಗ ಗುರುತೇ ಸಿಗುವುದಿಲ್ಲ. ಗೋಳೋ ಎಂದು ಅಳುತ್ತಾರೆ, ತಲೆಗೆ ಮಣ್ಣು ಎರಚಿಕೊಳ್ಳುತ್ತಾರೆ, ಅವನ ಪಕ್ಕದಲ್ಲಿ ಬರೀ ನೆಲದ ಮೇಲೆ ಕೂರುತ್ತಾರೆ. ಏಳು ಹಗಲು, ಏಳು ರಾತ್ರಿ. ಯಾರೂ ಒಂದು ಮಾತು ಆಡುವುದಿಲ್ಲ, ಅವನ ಸಂಕಟ ಅಷ್ಟು ದೊಡ್ಡದು ಅಂತ ಕಣ್ಣಿಗೇ ಕಾಣುತ್ತಿರುತ್ತದೆ. ಯೆಹೂದ್ಯರಲ್ಲಿ ಇವತ್ತಿಗೂ ಸೂತಕದ ಮನೆಗೆ ಹೋದವರು ಮೊದಲು ಬಾಯಿ ತೆರೆಯುವ ಹಾಗಿಲ್ಲ. ದುಃಖದವರು ಮಾತೆತ್ತಿದ ಮೇಲೆಯೇ ಇವರು. ಈ ಕಟ್ಟಳೆಗೆ ಅವರ ಹಿರಿಯರು ತೋರಿಸುವ ಆಧಾರ ಯೋಬನ ಈ ಏಳು ದಿನ.

ಎಂಟನೆಯ ದಿನಕ್ಕೆ ಕೆಟ್ಟಿತು. ಯೋಬ ಬಾಯಿ ತೆರೆದು ತಾನು ಹುಟ್ಟಿದ ದಿನವನ್ನೇ ಶಪಿಸಿದ. ಗೆಳೆಯರಿಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ. ಎಲೀಫಜ ಬಹಳ ನಯವಾಗಿ ಶುರುಮಾಡುತ್ತಾನೆ, ಒಂದು ಮಾತು ಹೇಳಿದರೆ ಬೇಜಾರಿಲ್ಲವಷ್ಟೆ ಎಂಬ ಧಾಟಿಯಲ್ಲಿ. ಆಮೇಲೆ ಹೇಳುವುದೇನು? ತಪ್ಪು ಮಾಡದವನು ಎಲ್ಲಾದರೂ ಹಾಳಾದದ್ದುಂಟೇ, ಅಂತ. ಬಿಲ್ದದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಿನ್ನ ಮಕ್ಕಳು ಪಾಪ ಮಾಡಿದ್ದರು, ಅನುಭವಿಸಿದರು ಅನ್ನುತ್ತಾನೆ. ಮಕ್ಕಳನ್ನು ಮಣ್ಣುಮಾಡಿ ಕೂತಿರುವವನ ಎದುರಿಗೆ! ಚೋಫರನ ಪ್ರಕಾರ ದೇವರು ಕೊಟ್ಟದ್ದು ಕಡಿಮೆಯೇ ಆಯಿತು. ಇಪ್ಪತ್ತೆರಡನೆಯ ಅಧ್ಯಾಯದ ಹೊತ್ತಿಗೆ, ನಯವಾಗಿ ಶುರುಮಾಡಿದ್ದ ಅದೇ ಎಲೀಫಜ ಯೋಬನ ಮೇಲೆ ಅಪರಾಧಗಳ ಪಟ್ಟಿಯನ್ನೇ ಕಟ್ಟುತ್ತಾನೆ. ಬಾಯಾರಿದವನಿಗೆ ನೀರು ಕೊಡಲಿಲ್ಲ, ವಿಧವೆಯನ್ನು ಬರಿಗೈಲಿ ಕಳಿಸಿದೆ, ಬಡವನ ಬಟ್ಟೆ ಒತ್ತೆ ಇಟ್ಟುಕೊಂಡೆ. ಒಂದೂ ನಿಜವಲ್ಲ. ಲೋಕ ನ್ಯಾಯವಾಗಿ ನಡೆಯುತ್ತದೆ ಎಂಬ ತನ್ನ ನಂಬಿಕೆ ಉಳಿಯಬೇಕಲ್ಲ, ಅದಕ್ಕೆ ಗೆಳೆಯನನ್ನೇ ಕಳ್ಳನನ್ನಾಗಿ ಮಾಡುತ್ತಾನೆ. ನನಗೆ ಅವನ ಮೇಲೆ ಕೋಪ ಬರುವುದಕ್ಕಿಂತ, ಅವನಲ್ಲಿ ನನ್ನ ಗುರುತೇ ಹೆಚ್ಚು ಸಿಗುತ್ತದೆ. ಇನ್ನೊಬ್ಬರ ಮನೆಗೆ ಅನಾಹುತ ಬಂದಾಗ ನಾವು ಕಾರಣ ಹುಡುಕುವುದು ಹೆದರಿಕೆಯಿಂದ. ಸಕ್ಕರೆ ಕಾಯಿಲೆ ಇತ್ತಂತೆ, ಹೆಲ್ಮೆಟ್ ಹಾಕಿರಲಿಲ್ಲವಂತೆ, ಮನೆ ವಾಸ್ತು ಸರಿಯಿರಲಿಲ್ಲವಂತೆ. ಕಾರಣ ಸಿಕ್ಕಿಬಿಟ್ಟರೆ ನಮ್ಮ ಮನೆ ಕ್ಷೇಮ.

ಯೋಬ ಈ ಗೆಳೆಯರನ್ನು ಹೋಲಿಸುವುದು ಬೇಸಿಗೆಯಲ್ಲಿ ಬತ್ತುವ ಹಳ್ಳಕ್ಕೆ. ನೀರಿದೆಯೆಂದು ನಂಬಿ ದಾರಿ ಬಿಟ್ಟು ಬಂದ ವ್ಯಾಪಾರಿಗಳು ಬರೀ ಮರಳು ಕಂಡು ಪೆಚ್ಚಾಗುತ್ತಾರೆ. ನಾಲೆ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಬಿಡುತ್ತಾರೆಂದು ಒಟ್ಲು ಹಾಕಿ ತೂಬಿನ ಹತ್ತಿರ ಹೋಗಿ ನಿಂತ ಅನುಭವ ನಿಮಗುಂಟು.

ಕಥೆಯ ಕೊನೆ ಬಹಳ ಜನಕ್ಕೆ ಗೊತ್ತಿಲ್ಲ. ಕೊನೆಗೆ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ. ದೇವರ ಪರ ವಕಾಲತ್ತು ವಹಿಸಿದ ಈ ಮೂವರ ಮೇಲೆ. ಏಳು ಹೋರಿ, ಏಳು ಟಗರು ತೆಗೆದುಕೊಂಡು ಯೋಬನ ಹತ್ತಿರವೇ ಹೋಗಿ, ಅವನು ನಿಮಗಾಗಿ ಬೇಡಿಕೊಳ್ಳಲಿ ಎಂದು ಕಳಿಸುತ್ತಾನೆ. ಆಮೇಲೆ ಯೋಬನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಹಳೇ ಪರಿಚಯದವರು ಬರುತ್ತಾರೆ. ಅವನ ಮನೆಯಲ್ಲಿ ಒಟ್ಟಿಗೆ ಉಣ್ಣುತ್ತಾರೆ, ಸಂತೈಸುತ್ತಾರೆ, ಒಬ್ಬೊಬ್ಬರೂ ಒಂದು ನಾಣ್ಯ, ಒಂದು ಚಿನ್ನದ ಉಂಗುರ ಕೊಡುತ್ತಾರೆ. ನಾವು ಮದುವೆಗೆ ಮುಯ್ಯಿ ಹಾಕುತ್ತೇವೆ. ಅವರು ದುಃಖಕ್ಕೆ ಮುಯ್ಯಿ ಹಾಕಿದರು.

ಈಗ ನನ್ನ ಮನೆಯ ಮಾತು. ಒಂಬತ್ತು ವರ್ಷದ ಹಿಂದೆ, ಕ್ರಿಸ್‌ಮಸ್ ಕಳೆದ ಮೂರನೆಯ ದಿನ ನನ್ನ ಹೆಂಡತಿ ತೀರಿಕೊಂಡಳು. ಅವಳೂ ಟೀಚರ್. ಬೆಳಿಗ್ಗೆ ತಿಂಡಿ ಮಾಡಿಟ್ಟು ಹಿತ್ತಲಲ್ಲಿ ಬಟ್ಟೆ ಹರವಲು ಹೋದವಳು ಅಲ್ಲೇ ಕುಸಿದಳು. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಜನ ಬಂದರು, ತುಂಬ ಬಂದರು. ‘ಪುಣ್ಯವಂತೆ, ಯಾರ ಕೈಲೂ ಸೇವೆ ಮಾಡಿಸ್ಕೊಳ್ಳಲಿಲ್ಲ’ ಅಂದವರೇ ಹತ್ತು ಜನ ಇರಬಹುದು. ಮೂವತ್ತು ವರ್ಷ ಅವಳ ಕೈಯಲ್ಲಿ ಸೇವೆ ಮಾಡಿಸಿಕೊಂಡವನು ನಾನು. ತೀರಿಸಲು ಒಂದು ದಿನವೂ ಸಿಗಲಿಲ್ಲವಲ್ಲ ಅನ್ನುವುದೇ ನನ್ನ ಸಂಕಟ. ಅದನ್ನೇ ಅವರು ಪುಣ್ಯ ಅನ್ನುತ್ತಿದ್ದರು. ಯಾರ ತಪ್ಪೂ ಅಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಚರ್ಚಿನವರು ಬಂದು ಪ್ರಾರ್ಥನೆ ಮಾಡಿದರು, ಹಾಡಿದರು. ಹಾಡು ಹಿತವಾಗುತ್ತಿತ್ತು ನನಗೆ, ಅದರಲ್ಲಿ ಬುದ್ಧಿವಾದ ಇರಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಮನೆ ಖಾಲಿಯಾಯಿತು. ಆಗ ಒಬ್ಬ ಬಂದ. ನನ್ನ ಹಳೆಯ ಗೆಳೆಯ, ಇದೇ ಹೋಬಳಿಯ ಒಕ್ಕಲಿಗ, ಕಬ್ಬು ಭತ್ತ ಬೆಳೆಯುವವನು. ಬೈಬಲನ್ನು ಕೈಯಲ್ಲಿ ಹಿಡಿದವನೂ ಅಲ್ಲ. ಚೀಲದಲ್ಲಿ ಅವರೆಕಾಯಿ ತಂದಿದ್ದ. ಬಾಗಿಲ ಹತ್ತಿರ ನಿಂತು ಮೇಲೆ ನೋಡಿದ. ಕ್ರಿಸ್‌ಮಸ್ಸಿಗೆ ಅವಳು ಕಟ್ಟಿಸಿದ್ದ ಕಾಗದದ ನಕ್ಷತ್ರ ಇನ್ನೂ ತೂಗುತ್ತಿತ್ತು, ಒಂದು ಮೂಲೆ ಹರಿದು.

‘ಇದ ಇಳಿಸ್ಲಾ ಮೇಷ್ಟ್ರೇ, ಇರ್ಲಾ?’

ನಾನು ಇರಲಿ ಅಂದೆ. ಅವನು ಇನ್ನೇನೂ ಕೇಳದೆ ಒಳಗೆ ಬಂದು, ಪೇಪರು ಹಾಸಿಕೊಂಡು ಅವರೆಕಾಯಿ ಬಿಡಿಸಲು ಕೂತ. ನಾನೂ ಕೂತೆ. ಅರ್ಧ ಚೀಲ ಮುಗಿದಿರಬೇಕು. ತಲೆ ಎತ್ತದೆ ಕೇಳಿದ, ‘ಟೀಚರಮ್ನೋರು ಅವತ್ತು ಏನ್ ತಿಂಡಿ ಮಾಡಿದ್ರು?’

‘ಅವರೆಕಾಳು ಉಪ್ಪಿಟ್ಟು.’

‘ಚೆನ್ನಾಗಿತ್ತಾ?’

ಇಪ್ಪತ್ತಮೂರು ದಿನ ನಾನು ಯಾರಿಗೂ ಹೇಳದಿದ್ದದ್ದು ಆಗ ಬಾಯಿಗೆ ಬಂತು. ಉಪ್ಪು ಒಂದು ಕಲ್ಲು ಜಾಸ್ತಿಯಾಗಿತ್ತು. ಪೇಪರು ಓದುತ್ತ ನಾನು ‘ಏನಿದು, ಸಮುದ್ರವನ್ನೇ ಸುರಿದಿದ್ದೀಯ’ ಅಂದಿದ್ದೆ. ನಾನು ಅವಳಿಗೆ ಆಡಿದ ಕೊನೆಯ ಮಾತು ಅದು. ಗೆಳೆಯ ‘ಅಯ್ಯೋ ಬುಡಿ ಮೇಷ್ಟ್ರೇ’ ಅನ್ನಲಿಲ್ಲ. ಹಾಗಂದಿದ್ದರೆ ನನ್ನ ಬಾಯಿ ಅಲ್ಲಿಗೇ ಮುಚ್ಚುತ್ತಿತ್ತು. ಕಾಯಿ ಬಿಡಿಸುತ್ತಲೇ ‘ಅದಕ್ಕವ್ರು ಏನಂದ್ರು?’ ಅಂದ. ಏನಂದಳು? ನಾನು ನೆನಪೇ ಮಾಡಿಕೊಂಡಿರಲಿಲ್ಲ. ನಕ್ಕಿದ್ದಳು. ‘ನಾಳೆ ಕಮ್ಮಿ ಹಾಕ್ತೀನಿ’ ಅಂದಿದ್ದಳು. ನನ್ನ ಮಾತನ್ನೇ ಹಿಡಿದು ಕೂತು ಅವಳ ನಗುವನ್ನು ಕಳೆದುಕೊಂಡಿದ್ದೆ. ಅವತ್ತು ಸಂಜೆಯವರೆಗೆ ಮಾತಾಡಿದೆ. ಮಾತಾಡಿಸುವುದು ಅಂದರೆ ಏನೆಂದು ವ್ಯಾಕರಣದ ಹೊರಗೆ ನನಗೆ ಗೊತ್ತಾದದ್ದು ಆ ದಿನ.

ಆಮೇಲೆ ಹೊಸ ಒಡಂಬಡಿಕೆಯನ್ನು ಬೇರೆ ಕಣ್ಣಿನಿಂದ ಓದಿದೆ. ಯೇಸು ಶಿಲುಬೆಯಲ್ಲಿ ಸತ್ತ ಮೂರನೆಯ ದಿನ ಇಬ್ಬರು ಶಿಷ್ಯರು ಎಮ್ಮಾಹು ಎಂಬ ಊರಿಗೆ ನಡೆದು ಹೋಗುತ್ತಿರುತ್ತಾರೆ. ಮೂರನೆಯವನೊಬ್ಬ ಜೊತೆಗೂಡುತ್ತಾನೆ. ಅವನೇ ಯೇಸು, ಅವರಿಗೆ ಗುರುತು ಸಿಗುವುದಿಲ್ಲ. ಏನು ಮಾತಾಡಿಕೊಂಡು ಹೋಗುತ್ತಿದ್ದೀರಿ ಅಂತ ಕೇಳುತ್ತಾನೆ. ನಿನಗೊಬ್ಬನಿಗೇ ಗೊತ್ತಿಲ್ಲವೇ ಅನ್ನುತ್ತಾರೆ. ಸತ್ತವನೇ ತಾನು, ಎದ್ದವನೂ ತಾನು, ಅವನಿಗೆ ಗೊತ್ತಿಲ್ಲದ್ದೇನಿದೆ? ಆದರೂ ಏನು ನಡೆಯಿತು ಅಂತ ಮತ್ತೆ ಕೇಳಿ, ಎಲ್ಲವನ್ನೂ ಅವರ ಬಾಯಿಂದಲೇ ಹೇಳಿಸುತ್ತಾನೆ. ಆಮೇಲೆ ಗದರಿಸುತ್ತಾನೆ, ಪಾಠವನ್ನೂ ಮಾಡುತ್ತಾನೆ, ಇಲ್ಲವೆನ್ನುವುದಿಲ್ಲ. ಆದರೆ ಅವರಿಗೆ ಗುರುತು ಸಿಗುವುದು ಪಾಠದಲ್ಲಲ್ಲ, ರಾತ್ರಿ ಊಟಕ್ಕೆ ಕೂತು ರೊಟ್ಟಿ ಮುರಿದುಕೊಟ್ಟಾಗ. ಬೇಥಾನ್ಯ ಎಂಬ ಊರಲ್ಲೂ ಹಾಗೆಯೇ. ಸತ್ತ ಗೆಳೆಯ ಲಾಜರನನ್ನು ಇನ್ನು ಸ್ವಲ್ಪ ಹೊತ್ತಿಗೆ ಎಬ್ಬಿಸುವವನು ತಾನೇ ಎಂದು ಗೊತ್ತಿದ್ದೂ, ಅವನ ಸೋದರಿ ಮರಿಯಳು ಅಳುವುದನ್ನು ಕಂಡು ಯೇಸು ಅತ್ತ. ‘ಅಳಬೇಡ, ಈಗ ನೋಡು’ ಅನ್ನಬಹುದಿತ್ತು. ನಮ್ಮ ಕೆಲವು ಪ್ರಸಂಗಿಗಳು ಸ್ವರ್ಗದ ಮಾತನ್ನು ಅವಸರದಲ್ಲಿ ಎತ್ತುವಾಗ ಈ ಕಣ್ಣೀರನ್ನು ದಾಟಿಕೊಂಡು ಹೋಗಿಬಿಡುತ್ತಾರೆ.

ಇನ್ನೂ ಒಂದು ಜಾಗವಿದೆ. ತನ್ನನ್ನು ಹಿಡಿದುಕೊಡುವ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ, ನನ್ನ ಜೀವ ಸಾಯುವಷ್ಟು ನೊಂದಿದೆ, ಎಚ್ಚರವಾಗಿರಿ ಎಂದು ಕೇಳಿಕೊಳ್ಳುತ್ತಾನೆ. ಬುದ್ಧಿ ಹೇಳಿ ಅನ್ನಲಿಲ್ಲ, ಧೈರ್ಯ ಹೇಳಿ ಅನ್ನಲಿಲ್ಲ. ಅವರು ಮೂರು ಸಲವೂ ನಿದ್ದೆ ಹೋದರು. ದೇವರೆಂದು ನಾವು ನಂಬುವವನೇ ಮನುಷ್ಯರ ಹತ್ತಿರ ಜೊತೆ ಬೇಡಿದ, ಮನುಷ್ಯರು ಮಲಗಿದರು. ಸಾಯುವವರ ಆರೈಕೆಗೆಂದು ಹಾಸ್ಪಿಸ್ ಕಟ್ಟಿದ ಲಂಡನ್ನಿನ ಸಿಸಿಲಿ ಸಾಂಡರ್ಸ್ ತಮ್ಮ ಕೆಲಸಕ್ಕೆಲ್ಲ ಬುಡವೆಂದು ತೋರಿಸಿದ್ದು ತೋಟದ ಈ ಕೋರಿಕೆಯನ್ನೇ.

ಆಕೆಯದು ಒಂದು ದತ್ತಿಯ ಕಥೆಯೂ ಹೌದು, ಇವತ್ತಿನ ಸಭೆಗೆ ಹೊಂದುತ್ತದೆ. 1948ರಲ್ಲಿ ಆಕೆ ಆಸ್ಪತ್ರೆಯಲ್ಲಿ ರೋಗಿಗಳ ಕಷ್ಟಸುಖ ವಿಚಾರಿಸುವ ಕೆಲಸದಲ್ಲಿದ್ದರು. ಡೇವಿಡ್ ತಸ್ಮಾ ಎಂಬ ಪೋಲೆಂಡಿನ ಯೆಹೂದ್ಯ ನಿರಾಶ್ರಿತ, ಹೋಟೆಲ್ ಮಾಣಿ, ನಲವತ್ತರ ವಯಸ್ಸು, ಕ್ಯಾನ್ಸರಿನಿಂದ ಸಾಯುತ್ತಿದ್ದ. ನನ್ನವರು ಯಾರೂ ಇಲ್ಲ, ಬದುಕಿದ್ದಕ್ಕೆ ಗುರುತೂ ಇಲ್ಲ ಎಂಬ ಕೊರಗು. ಈಕೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು, ಅವನನ್ನು ಮಾತಾಡಿಸುತ್ತಿದ್ದರು. ಇಂಥವರು ನೆಮ್ಮದಿಯಾಗಿ ಕೊನೆಯ ದಿನ ಕಳೆಯುವಂಥ ಒಂದು ಮನೆ ಇರಬೇಕೆಂದು ಇಬ್ಬರೂ ಮಾತಾಡಿಕೊಂಡರು. ಸಾಯುವಾಗ ಅವನು 500 ಪೌಂಡ್ ಬರೆದಿಟ್ಟ, ಆ ಮನೆಗೆ ನನ್ನ ಲೆಕ್ಕದಲ್ಲಿ ಒಂದು ಕಿಟಕಿ ಇರಲಿ ಅಂತ. ಕಿಟಕಿಯ ಸುತ್ತ ಗೋಡೆ ಎಬ್ಬಿಸಲು ಹತ್ತೊಂಬತ್ತು ವರ್ಷ ಹಿಡಿಯಿತು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಬಾಗಿಲು ತೆರೆಯಿತು. ಅಷ್ಟು ಹೊತ್ತಿಗೆ ಆಕೆ ಡಾಕ್ಟರಿಕೆ ಓದಿ ಮುಗಿಸಿದ್ದರು. ಮಾರ್ಫಿನನ್ನು ನೋವು ಕೆರಳಿದ ಮೇಲೆ ಕೊಡದೆ, ಕೆರಳುವ ಮೊದಲೇ ಹೊತ್ತು ಹೊತ್ತಿಗೆ ಸರಿಯಾಗಿ ಕೊಡುವ ಪದ್ಧತಿಯನ್ನು ಊರ್ಜಿತಗೊಳಿಸಿದ್ದರು. ಪ್ರಾರ್ಥನೆ ಮಾಡುತ್ತಿದ್ದರು, ಔಷಧಿಯ ಹೊತ್ತನ್ನೂ ತಪ್ಪಿಸುತ್ತಿರಲಿಲ್ಲ. ಬೆಂಗಳೂರಿನ ಕರುಣಾಶ್ರಯ ಹಾಸ್ಪಿಸ್ ಇದೇ ಬಳ್ಳಿಯ ಕುಡಿ.

ದೂರದ ಮಾತಾಯಿತು, ಹತ್ತಿರಕ್ಕೆ ಬರುತ್ತೇನೆ. ಇಂಗ್ಲಿಷರ ಯುದ್ಧಚರಿತ್ರೆಗಳಲ್ಲಿ ಅರಕೆರೆಯ ಹೆಸರು ಬರುವುದು 1791ರ ಮೇ ತಿಂಗಳ ಕದನಕ್ಕಾಗಿ. ಅವರ ದಂಡನಾಯಕ ಕಾರ್ನ್‌ವಾಲಿಸ್ ಇಲ್ಲಿ ಟಿಪ್ಪುವಿನ ಮೇಲೆ ಗೆದ್ದೂ, ದವಸವಿಲ್ಲದೆ ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹಿಂತಿರುಗಬೇಕಾಯಿತು. ಅದಕ್ಕೂ ಹತ್ತು ವರ್ಷ ಮುಂಚಿನ ಒಂದು ಸಂಗತಿ ನನಗೆ ಈ ಕದನಕ್ಕಿಂತ ದೊಡ್ಡದು. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರು ಸೋತಾಗ, ಸೆರೆಸಿಕ್ಕ ಅಧಿಕಾರಿಗಳನ್ನು ಮೈಸೂರು ಸೈನ್ಯದವರು ಶ್ರೀರಂಗಪಟ್ಟಣಕ್ಕೆ ತಂದರು. ಅವರಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಒಬ್ಬ, ಮೈತುಂಬ ಗಾಯ, ತೊಡೆಯಲ್ಲಿ ಗುಂಡು. ಒಂದು ದಿನ ಎಲ್ಲರ ಕಾಲಿಗೂ ಸಂಕೋಲೆ ಹಾಕಲು ಅಪ್ಪಣೆಯಾಯಿತು. ಬೇರ್ಡ್‌ಗೆ ಹಾಕಿದರೆ ಕಾಲು ಕೊಳೆತು ಸಾಯುತ್ತಾನೆ. ಆಗ ಲೂಕಸ್ ಎಂಬ ಇನ್ನೊಬ್ಬ ಸೆರೆಯಾಳು ಮುಂದೆ ಬಂದು, ಅವನ ಪಾಲಿನದನ್ನೂ ನನಗೇ ಹಾಕಿ, ಎರಡು ಜೊತೆ ಹೊರುತ್ತೇನೆ ಅಂದ. ಮುಂದಿನ ನೀತಿಕಥೆಗಳಲ್ಲಿ ಲೂಕಸ್ ಎರಡು ಸಂಕೋಲೆ ತೊಟ್ಟೇ ಓಡಾಡುತ್ತಾನೆ. 1832ರಲ್ಲಿ ಥಿಯೊಡೋರ್ ಹುಕ್ ಬರೆದ ಬೇರ್ಡ್‌ನ ಜೀವನಚರಿತ್ರೆಯಲ್ಲಿ ಕಥೆ ಬೇರೆ. ಸಂಕೋಲೆ ಹಾಕಿಸಲು ಬಂದ ಇಲ್ಲಿಯ ಅಧಿಕಾರಿಯ ಮನಸ್ಸು ಕರಗಿತು. ಕಿಲ್ಲೇದಾರನ ಹತ್ತಿರ ಆಳು ಕಳಿಸಿ ವಿಧಿಯ ಪುಸ್ತಕ ತೆಗೆಸಿ ನೋಡಿಸಿದ. ಬೇರ್ಡ್‌ನ ಹಣೆಬರಹ ಒಳ್ಳೆಯದಿದೆ ಎಂಬ ಉತ್ತರ ಬಂತು. ಆ ಸಲಕ್ಕೆ ಅವನ ಕಾಲು ಉಳಿಯಿತು. ನನಗೆ ಈ ಎರಡನೆಯದೇ ಹೆಚ್ಚು ಇಷ್ಟ. ಇದರಲ್ಲಿ ಗೆಳೆಯನ ಭಾರ ಹೊರಲು ಬಂದವನಲ್ಲದೆ, ನಿಯಮದೊಳಗೆ ಒಂದು ಸಂದು ಹುಡುಕಿದ ನಮ್ಮ ನೆಲದ ಅಧಿಕಾರಿಯೂ ಇದ್ದಾನೆ. ಲೂಕಸ್ ಸೆರೆಯಲ್ಲೇ ಸತ್ತ. ಬೇರ್ಡ್ ಬದುಕಿ, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಿದ್ದ. ಟಿಪ್ಪುವಿನ ವಿಚಾರದ ಜಗಳವನ್ನು ಇವತ್ತಿನ ಮಟ್ಟಿಗೆ ಹೊರಗಿಟ್ಟಿದ್ದೇನೆ, ಅದಕ್ಕೆ ಬೇರೆ ಸಭೆಗಳಿವೆ.

ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ಕೆನರಾದಿಂದ 1784ರಲ್ಲಿ ಹಿಡಿದು ತಂದ ಕ್ರೈಸ್ತರಲ್ಲಿ ಬದುಕಿ ಉಳಿದವರು, ಬಲವಂತಕ್ಕೆ ಮತ ಬಿಟ್ಟವರು, ಚದುರಿಹೋದವರು, ಇವರನ್ನೆಲ್ಲ ಮತ್ತೆ ಒಟ್ಟುಮಾಡುವ ಹೊಣೆ ಅವರದಾಯಿತು. ಪೇಟ ಕಟ್ಟಿ, ಇಲ್ಲಿಯ ಬಟ್ಟೆ ಉಟ್ಟು, ಇಲ್ಲಿಯ ಊಟ ಉಂಡು ಇದ್ದ ಮನುಷ್ಯ. ಜನ ದೊಡ್ಡಸ್ವಾಮಿಯವರು ಅನ್ನುತ್ತಿದ್ದರು. ಹಾಸನದ ಹತ್ತಿರ ಸತ್ತಿಹಳ್ಳಿಯಲ್ಲಿ ನೆಲೆಯಿಲ್ಲದವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬು ಬಂದಾಗ 1803-04ರಲ್ಲಿ 25,432 ಜನರಿಗೆ ದೇವಿ ಹಾಕಿಸಿದ ಲೆಕ್ಕ ಇಟ್ಟಿದ್ದಾರೆ. ಕೈಯಿಂದ ಸಂತೈಸಿದ ಮನುಷ್ಯ ಅಂತ ನನಗೆ ಅವರ ಮೇಲೆ ಬಹಳ ಗೌರವ. ಆದರೆ 1823ರಲ್ಲಿ ಊರಿಗೆ ಮರಳಿದವರು ಅದೇ ವರ್ಷ ಅಚ್ಚಾದ ತಮ್ಮ ಪತ್ರಗಳ ಪುಸ್ತಕದಲ್ಲಿ ಇದೇ ಜನರ ಬಗ್ಗೆ, ಸಾವಿರಾರು ಜನರಲ್ಲಿ ಮತಕ್ಕಾಗಿ ಪ್ರಾಣ ಬಿಡುವ ಧೈರ್ಯ ಒಬ್ಬನಿಗೂ ಬರಲಿಲ್ಲವಲ್ಲ ಎಂದು ಆಕ್ಷೇಪ ಬರೆದರು. ಓದಿದಾಗ ನನಗೆ ಎಲೀಫಜ ನೆನಪಾದ. ಇಪ್ಪತ್ತು ವರ್ಷ ಜೊತೆಗಿದ್ದವರೂ ಬರೆಯಲು ಕೂತಾಗ ತೀರ್ಪುಗಾರರಾಗಿಬಿಡುತ್ತಾರೆ. ಹೆದರಿ ಬದುಕಿದವರ ಮಕ್ಕಳ ಮಕ್ಕಳು ನಾವು. ಅವರು ಬದುಕಿದ್ದಕ್ಕೆ ನಾವಿದ್ದೇವೆ.

ತೀರ್ಪಿನ ಮಾತು ಬಂದದ್ದರಿಂದ ನಮ್ಮ ಸಭೆಯ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ತಿಳಿದು ತಿಳಿದೂ ತಮ್ಮ ಪ್ರಾಣ ತಾವೇ ಕಳೆದುಕೊಂಡವರಿಗೆ ಚರ್ಚಿನ ಮಣ್ಣುಕಾರ್ಯ ಇಲ್ಲ ಎಂದು ಕಥೋಲಿಕ ಸಭೆಯ 1917ರ ಕಾನೂನು ಹೇಳುತ್ತಿತ್ತು. ಎಷ್ಟು ಮನೆಗಳಲ್ಲಿ ಸಾವಿನ ಮೇಲೆ ಅವಮಾನವನ್ನೂ ಹೊರಿಸಿದೆವೋ! 1983ರ ಹೊಸ ಕಾನೂನಿನಲ್ಲಿ ಆ ಮಾತು ಇಲ್ಲ. 1992ರ ಧರ್ಮೋಪದೇಶ ಗ್ರಂಥ, ಅಂಥವರ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು, ಸಭೆ ಅವರಿಗಾಗಿ ಬೇಡಿಕೊಳ್ಳುತ್ತದೆ ಅನ್ನುತ್ತದೆ. ತಡವಾಗಿ ಬಂದ ಬುದ್ಧಿ.

2015ರಲ್ಲಿ ನಮ್ಮ ಜಿಲ್ಲೆಯ ಹೆಸರು ದಿನಾ ಪೇಪರಿನಲ್ಲಿ ಬರುತ್ತಿದ್ದದ್ದು ರೈತರ ಆತ್ಮಹತ್ಯೆಗಳಿಗಾಗಿ, ಇಲ್ಲಿರುವ ಎಲ್ಲರಿಗೂ ಗೊತ್ತು. ಆ ಮಳೆಗಾಲ, ಈ ಹೋಬಳಿಯಲ್ಲಲ್ಲ, ಬೇರೊಂದು ಕಡೆ, ಹಾಗೆ ತೀರಿಕೊಂಡ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಅವನ ಹೆಂಡತಿಗೆ ನಾನು ಹೇಳಿದ್ದು, ಧೈರ್ಯ ತಂದುಕೋಮ್ಮ, ಮಕ್ಕಳ ಮುಖ ನೋಡಿ ಬದುಕಬೇಕು. ಆಕೆ ನನ್ನನ್ನೇ ನೋಡಿ, ‘ಅವ್ರೂ ಮಕ್ಕಳ ಮುಖ ನೋಡ್ತಲೇ ಇದ್ರು ಸಾ’ ಅಂದಳು. ನನಗೆ ಮಾತು ನಿಂತಿತು. ನನ್ನ ಜೊತೆ ಬಂದಿದ್ದವನು ಒಬ್ಬ ನಿವೃತ್ತ ಗ್ರಾಮ ಲೆಕ್ಕಿಗ. ಅವನು ಮೆಲ್ಲಗೆ ಪಹಣಿ ಯಾರ ಹೆಸರಲ್ಲಿದೆ, ಸೊಸೈಟಿ ಸಾಲದ ಚೀಟಿ ಇದೆಯಾ, ಬ್ಯಾಂಕಿನ ಪಾಸ್‌ಬುಕ್, ಪೊಲೀಸರು ಕೊಟ್ಟ ಕಾಗದ, ಒಂದೊಂದಾಗಿ ಕೇಳಿದ. ಪರಿಹಾರವನ್ನು ಸರ್ಕಾರ 5 ಲಕ್ಷಕ್ಕೆ ಏರಿಸಿದ ವರ್ಷ ಅದು. ಕಾಗದ ಸರಿಯಿಲ್ಲದಿದ್ದರೆ ಅದು ಬರುವಂತಿರಲಿಲ್ಲ. ಕೈಸಾಲದ ಲೆಕ್ಕ ಎಲ್ಲಾದರೂ ಬರೆದಿದ್ದನಾ ಅಂದಾಗ ಆಕೆ ಎದ್ದು ಹೋಗಿ ಗೋಡೆಯ ಕ್ಯಾಲೆಂಡರು ತಂದಳು. ಹಾಳೆಗಳ ಹಿಂದೆ ಪೆನ್ಸಿಲಿನಲ್ಲಿ ಅವನ ಕೈಬರಹ. ಯಾರಿಂದ ಎಷ್ಟು, ಯಾವ ದಿನ. ಆಕೆ ಬೆರಳಿಟ್ಟು ಓದುತ್ತ ಹೋದಳು, ಇದು ಬೋರ್‌ವೆಲ್ಲಿಗೆ, ಇದು ಮಗಳ ಕಾಲೇಜಿಗೆ, ಇದು ನನ್ನ ಆಪರೇಷನ್ನಿಗೆ. ಓದುತ್ತ ಓದುತ್ತ ಅಳಲು ಶುರುಮಾಡಿದಳು. ಸತ್ತ ದಿನದಿಂದ ಅತ್ತಿರಲಿಲ್ಲವಂತೆ. ಯೇಸು ಹೇಳಿದ ಸಮಾರ್ಯದವನ ಕಥೆಯಲ್ಲಿ, ಗಾಯಗೊಂಡು ದಾರಿಯಲ್ಲಿ ಬಿದ್ದಿದ್ದವನಿಗೆ ಆ ಸಮಾರ್ಯದವನು ಎಣ್ಣೆ ಹಚ್ಚುತ್ತಾನೆ, ತನ್ನ ಕತ್ತೆ ಮೇಲೆ ಕೂರಿಸುತ್ತಾನೆ, ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು ಹೆಚ್ಚಿಗೆ ಆದರೆ ಮರಳಿ ಬರುವಾಗ ಕೊಡುತ್ತೇನೆ ಅನ್ನುತ್ತಾನೆ. ಇಡೀ ಕಥೆಯಲ್ಲಿ ಬಿದ್ದವನಿಗೆ ಅವನು ಒಂದು ಮಾತೂ ಹೇಳುವುದಿಲ್ಲ. ಆ ಲೆಕ್ಕಿಗ ನನಗೆ ಕತ್ತೆ ಹಿಡಿದು ನಡೆದವನ ಹಾಗೆ ಕಂಡ.

ಒಂದು ಉಪಯೋಗದ ಮಾತು. ಗೆಳೆಯನೊಬ್ಬ ಊಟ ಬಿಟ್ಟು, ನಿದ್ದೆ ಬಿಟ್ಟು, ಎಲ್ಲ ಮುಗಿಯಿತು ಅನ್ನುವ ಹಾಗೆ ಮಾತಾಡುತ್ತಿದ್ದರೆ ‘ಸಾಯಬೇಕು ಅಂತ ಅನ್ನಿಸ್ತಾ ಇದ್ಯೇನಪ್ಪ?’ ಅಂತ ನೇರ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಆಗುತ್ತದೆಂಬ ಭಯ ಬೇಡ. ಹಾಗಾಗುವುದಿಲ್ಲ, ಎದೆಯ ಭಾರ ಇಳಿಯುತ್ತದೆ ಎಂದು ಮನೋವೈದ್ಯರು ಹೇಳುತ್ತಾರೆ. ಹೌದು ಅಂದರೆ ಒಂಟಿಯಾಗಿ ಬಿಟ್ಟು ಬರಬೇಡಿ, ಔಷಧಿ ಡಬ್ಬಗಳನ್ನು ದೂರ ಇಡಿಸಿ, ಡಾಕ್ಟರ ಹತ್ತಿರ ಜೊತೆಯಲ್ಲೇ ಹೋಗಿ. 14416 ಎಂಬ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು. ಪ್ರಾರ್ಥನೆ ಸಾಕು, ಡಾಕ್ಟರು ಬೇಡ ಅನ್ನುವ ಕ್ರೈಸ್ತರು ಯಾರಾದರೂ ಇಲ್ಲಿದ್ದರೆ, ಸುವಾರ್ತೆ ಬರೆದ ಲೂಕನನ್ನು ಪೌಲ ಕರೆಯುವುದು ಪ್ರಿಯ ವೈದ್ಯನೆಂದು, ನೆನಪಿರಲಿ.

ನಾನೇ ತಪ್ಪಿದ ಒಂದು ಸಂಗತಿಯನ್ನೂ ಹೇಳಬೇಕು. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದರು, ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿ ಎಷ್ಟೋ. ಅದೇ ರಾತ್ರಿ ಸಿನಿಮಾ ನಟ ಅಂಬರೀಷ್ ತೀರಿಕೊಂಡರು. ಮರುದಿನ ಅವರ ದೇಹವನ್ನು ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ತಂದಾಗ ಜಿಲ್ಲೆಗೆ ಜಿಲ್ಲೆಯೇ ಅಲ್ಲಿತ್ತು, ಕ್ಯಾಮೆರಾಗಳೂ. ನಾನೂ ಸಾಲಿನಲ್ಲಿ ನಿಂತಿದ್ದೆ, ಸುಳ್ಳೇಕೆ ಹೇಳಲಿ. ಅವರು ನಮ್ಮವರು, ಅಳು ನಿಜವಾದದ್ದೇ. ಆದರೆ ಸಾಲಿನಲ್ಲಿ ನಿಂತಿದ್ದಾಗ ಪಾಂಡವಪುರದ ಕಡೆಯವರೊಬ್ಬರು, ನಾಲೆ ಏರಿಯ ಮೇಲೆ ಮಕ್ಕಳ ಚೀಲಗಳು ಹಾಗೇ ಬಿದ್ದಿವೆ ಅಂದರು. ಅದಾದ ತಿಂಗಳ ಮೇಲೆ ಆ ಮನೆಗಳಿಗೆ ಯಾರು ಹೋದರೋ. ಅಷ್ಟು ಸಾವುಗಳಿದ್ದ ಕಡೆ ಯಾರು ಯಾರನ್ನು ಮಾತಾಡಿಸುವುದು? ನಾನು ಹೋಗಲಿಲ್ಲ.

ಹುರಿದುಂಬಿಸುವುದು ಅನ್ನುವ ನಮ್ಮ ಮಾತಿನಲ್ಲಿ ಹುರಿ ಇದೆ, ಹಗ್ಗದ ಹುರಿ. ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಗೊತ್ತು, ಇದು ಒಬ್ಬನ ಕೆಲಸವಲ್ಲ. ಒಬ್ಬ ನಾರು ಕೊಡುತ್ತ ಹಿಂದೆ ಹಿಂದೆ ನಡೆಯುತ್ತಾನೆ, ಇನ್ನೊಬ್ಬ ಆ ತುದಿಯಲ್ಲಿ ಬಿಗಿ ಬಿಡದೆ ಹಿಡಿದು ಕೂತಿರಬೇಕು. ಅವನು ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಬಿಟ್ಟರೆ ಮಾತ್ರ ಕಾಣುತ್ತದೆ, ಹೊಸೆದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಮೂರು ಹುರಿಯ ಹಗ್ಗ ಬೇಗ ಹರಿಯುವುದಿಲ್ಲ ಎಂಬರ್ಥದ ಮಾತು ಬೈಬಲಿನ ಪ್ರಸಂಗಿ ಎಂಬ ಪುಸ್ತಕದಲ್ಲಿದೆ. ಮದುವೆಗಳಲ್ಲಿ ಪಾದ್ರಿಗಳು ಅದನ್ನು ಓದುತ್ತಾರೆ. ಸಾವಿನ ಮನೆಯಲ್ಲಿ ಓದಿದ್ದನ್ನು ನಾನು ಕೇಳಿಲ್ಲ.

ಅವರೆಕಾಯಿ ತಂದ ನನ್ನ ಗೆಳೆಯನಿಗೆ ಹೋದ ವರ್ಷ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ನೋಡಲು ಬಂದವರು ಕಿವಿಯೂ ಹೋಗಿದೆಯೇನೋ ಎಂಬಂತೆ ಗಟ್ಟಿಯಾಗಿ ಕೂಗಿ ಮಾತಾಡುತ್ತಾರೆ, ಇಲ್ಲವೇ ಅವನ ಎದುರಿಗೇ ಅವನ ಹೆಂಡತಿಯ ಹತ್ತಿರ ‘ಹೆಂಗಿದ್ದ ಮನುಷ್ಯ’ ಅನ್ನುತ್ತಾರೆ. ಮಾತೇ ಇಲ್ಲದವನನ್ನು ಮಾತಾಡಿಸುವುದು ಹೇಗೆ? ಮೊದಲ ಎರಡು ಸಲ ನಾನೇ ಬಡಬಡಿಸಿ ಬಂದೆ. ಮೂರನೆಯ ಸಲ ಮಂಚದ ಪಕ್ಕ ಕೂತು, ಹೆಂಡತಿ ಬಟ್ಟಲಲ್ಲಿ ತಂದಿಟ್ಟಿದ್ದ ಗಂಜಿ ನೋಡಿ, ಇವತ್ತು ಏನು ತಿಂಡಿ ಅಂತ ಕೇಳಿದೆ. ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಎಡಗೈಯ ಹೆಬ್ಬೆರಳು, ತೋರುಬೆರಳು ಕೂಡಿಸಿ ಬಟ್ಟಲ ಮೇಲೆ ಹಿಡಿದು ಮೆಲ್ಲಗೆ ಉಜ್ಜಿದ, ಉಪ್ಪು ಉದುರಿಸುವ ಹಾಗೆ. ನನಗೆ ತಿಳಿಯಿತು. ಅವನ ಹೆಂಡತಿ ‘ಉಪ್ಪು ಸಾಲ್ದಾ?’ ಅಂತ ಒಳಗೆ ಹೋದಳು. ಸಾಲದ್ದು ಉಪ್ಪಲ್ಲ ಅಂತ ಹೇಳಲಿಲ್ಲ ನಾವಿಬ್ಬರೂ.

ಅವನ ಊರು ಇಲ್ಲಿಂದ ದೂರವಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಅವನು ಮಲಗಿಬಿಡುತ್ತಾನೆ, ಆದ್ದರಿಂದ ಅಧ್ಯಕ್ಷರ ಭಾಷಣಕ್ಕೆ ನಿಲ್ಲದೆ ಹೊರಡುತ್ತಿದ್ದೇನೆ. ಅವರ ಅಪ್ಪಣೆ ಮೊದಲೇ ಪಡೆದಿದ್ದೇನೆ.